ಕೀಲುನೋವಿನ ಔಷಧಿಗಳು: ತಿಳಿದು ನುಂಗೋಣ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಧರ್ಮಕೇಂದ್ರದ ಹಿರಿಯರಿಗೆಂದು ಏರ್ಪಡಿಸಿದ್ದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನಮ್ಮನ್ನು ಕರೆದು, "ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಬೇಕು, ವಿಷಯವನ್ನು ನೀವೇ ಆರಿಸಿಕೊಳ್ಳಿ" ಎಂದಾಗ ನಾವು ಹೆಚ್ಚು ಯೋಚಿಸಬೇಕಾಗಲಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರುವ ಸಮಯ ಬಂದಾಗ ಒಮ್ಮೆ ಸುತ್ತಲೂ ನೋಡಿದರೆ ಸಾಕು, ವಿಷಯವು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹಿರಿಯರಲ್ಲಿ ಅರ್ಧದಷ್ಟು ಮಂದಿ ಬೆಂಚಿನ ತುದಿಯಲ್ಲಿ ಕುಳಿತೇ ತಲೆ ಬಾಗಿಸುತ್ತಾರೆ. ಮೊಣಕಾಲೂರಿದವರಲ್ಲಿ ಹಲವರು ಮುಂದಿನ ಬೆಂಚನ್ನು ಎರಡು ಕೈಗಳಿಂದಲೂ ಹಿಡಿದು, ಹಲ್ಲು ಕಚ್ಚಿಕೊಂಡು ಏಳುತ್ತಾರೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಡೆಯುವ ಮಾತುಕತೆಯೂ ಅದೇ: "ನಿಮ್ಮ ಮಂಡಿ ಹೇಗಿದೆ? ನನಗೆ ಒಂದು ಮಾತ್ರೆ ಬಹಳ ಗುಣ ಕೊಟ್ಟಿತು, ನೀವೂ ತೆಗೆದುಕೊಂಡು ನೋಡಿ."

ಈ ಕೊನೆಯ ಮಾತಿನ ಕುರಿತಾಗಿಯೇ ನಾವು ಇಂದು ಮಾತನಾಡಬಯಸುತ್ತೇವೆ. ನಮ್ಮಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಇರುತ್ತದೆ. ಅದರಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿಗಳು, ಹೆಸರು ಅಳಿಸಿಹೋದ ಪೊಟ್ಟಣಗಳು, ಯಾರೋ ಕೊಟ್ಟ ಪುಡಿ, ಒಂದು ಕೊಳವೆ ಮುಲಾಮು ಇವೆಲ್ಲ ಸೇರಿಕೊಂಡಿರುತ್ತವೆ. ನೋವು ಬಂದಾಗ ಡಬ್ಬಿ ತೆರೆಯುತ್ತೇವೆ, ಒಂದನ್ನು ನುಂಗುತ್ತೇವೆ. ಏನನ್ನು ನುಂಗಿದೆವು, ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನು ಕೇಳುವುದಿಲ್ಲ. ಕೀಲುನೋವಿನ ಔಷಧಿಗಳು ಮನುಷ್ಯಕುಲಕ್ಕೆ ದೊರೆತ ದೊಡ್ಡ ಉಪಕಾರಗಳಲ್ಲಿ ಸೇರಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ತಿಳಿಯದೆ, ಕಾರಣ ತಿಳಿಯದೆ ನುಂಗಿದಾಗ ಅವೇ ಔಷಧಿಗಳು ಜೀವವನ್ನೂ ತೆಗೆಯಬಲ್ಲವು. ಇದನ್ನು ನಾವು ಪುಸ್ತಕದಿಂದ ಮಾತ್ರವೇ ಅರಿತುದಲ್ಲ. ನಮ್ಮ ಕಣ್ಣಾರೆ ಕಂಡಿದ್ದೇವೆ. ಒಂದು ಸಂದರ್ಭದಲ್ಲಿ ತಪ್ಪು ನಮ್ಮದೇ ಆಗಿತ್ತು. ಅದನ್ನೂ ಇಂದು ಮುಚ್ಚಿಡದೆ ಹೇಳುತ್ತೇವೆ.

ನೋವು ಬೇರೆ, ರೋಗ ಬೇರೆ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಾವು "ವಾತ" ಎಂಬ ಒಂದೇ ಮಾತಿನಿಂದ ಕರೆಯುವುದು ಒಂದು ರೋಗವಲ್ಲ, ಹಲವು ರೋಗಗಳು. ವಯಸ್ಸಾದಂತೆ ಕೀಲಿನೊಳಗಿನ ನುಣುಪಾದ ಮೃದ್ವಸ್ಥಿ ಸವೆದು ಬರುವ ಮಂಡಿನೋವು ಒಂದು ಬಗೆ. ದೇಹದ ರಕ್ಷಣಾಶಕ್ತಿಯೇ ದಿಕ್ಕು ತಪ್ಪಿ ತನ್ನ ಕೀಲುಗಳ ಮೇಲೆಯೇ ಎರಗುವ ರುಮಟಾಯ್ಡ್ ಸಂಧಿವಾತ ಇನ್ನೊಂದು ಬಗೆ. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುವುದು ಇದರ ಗುರುತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದರ ಹರಳುಗಳು ಕೀಲಿನಲ್ಲಿ ಕುಳಿತು ಬರುವ ಗೌಟ್ ಮೂರನೆಯದು. 2006ರಲ್ಲಿ ಕರ್ನಾಟಕದ ಊರೂರುಗಳನ್ನು ಮಲಗಿಸಿದ ಚಿಕುನ್‌ಗುನ್ಯದಂತಹ ಜ್ವರಗಳ ನಂತರ ತಿಂಗಳುಗಟ್ಟಲೆ ಉಳಿಯುವ ಕೀಲುನೋವು ಮತ್ತೊಂದು.

ಇವೆಲ್ಲದರಲ್ಲಿಯೂ ನೋವು ಒಂದೇ ತೆರನಾಗಿ ಕಂಡರೂ ಔಷಧಿ ಒಂದೇ ಅಲ್ಲ. ಕೆಲವು ಔಷಧಿಗಳು ನೋವನ್ನು ಮಾತ್ರ ತಡೆಯುತ್ತವೆ, ಕೆಲವು ರೋಗವನ್ನೇ ತಡೆಯುತ್ತವೆ. ಈ ಭೇದವನ್ನು ಮರೆತರೆ ಎಷ್ಟು ಹಾನಿ ಎಂಬುದಕ್ಕೆ ಮಕ್ಕಳ ರುಮಾಟಿಕ್ ಜ್ವರವೇ ಸಾಕ್ಷಿ. 5ರಿಂದ 15 ವರ್ಷದೊಳಗಿನ ಮಗುವಿಗೆ ಗಂಟಲುನೋವು ಬಂದು ಹೋಗುತ್ತದೆ. ಎರಡು ಮೂರು ವಾರಗಳ ನಂತರ ಜ್ವರ ಬಂದು, ಇಂದು ಮೊಣಕಾಲು, ನಾಳೆ ಮೊಣಕೈ ಎಂದು ಕೀಲುಗಳು ಸರದಿಯಂತೆ ಊದಿಕೊಳ್ಳುತ್ತವೆ. ನೋವಿನ ಮಾತ್ರೆ ಕೊಟ್ಟೊಡನೆ ಮಗು ಎದ್ದು ಆಟವಾಡುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ರೋಗವು ಅಷ್ಟರಲ್ಲಿ ಹೃದಯದ ಕವಾಟಗಳನ್ನು ಹೊಕ್ಕಿರಬಹುದು. ಅಂತಹ ಮಗುವಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ, ವರ್ಷಾನುಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಬೇಕಾಗುತ್ತದೆ. ಮಗುವಿನ ಕೀಲು ಊದಿದರೆ ಅಂಗಡಿಯ ಮಾತ್ರೆಗೆ ನಿಲ್ಲಬೇಡಿರಿ, ವೈದ್ಯರ ಬಳಿಗೆ ಕರೆದೊಯ್ಯಿರಿ.

ನೋವಿನ ಮಾತ್ರೆಗಳು

ಇನ್ನು ನಮ್ಮ ಡಬ್ಬಿಯಲ್ಲಿ ಅತಿ ಹೆಚ್ಚಾಗಿರುವ ಮಾತ್ರೆಗಳಿಗೆ ಬರೋಣ. ನೀರವಂಜಿಯ ಜಾತಿಯ ಮರದ ತೊಗಟೆ ಜ್ವರವನ್ನು ಇಳಿಸುತ್ತದೆಂದು ಇಂಗ್ಲೆಂಡಿನ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯೊಬ್ಬರು 1763ರಲ್ಲಿ ಅಲ್ಲಿಯ ರಾಯಲ್ ಸೊಸೈಟಿಗೆ ಪತ್ರ ಬರೆದರು. ಆ ತೊಗಟೆಯ ಸತ್ವಕ್ಕೆ ಹತ್ತಿರದ ವಸ್ತುವನ್ನೇ ಜರ್ಮನಿಯ ರಸಾಯನಶಾಸ್ತ್ರಜ್ಞರು ತಿದ್ದಿ, 1899ರಲ್ಲಿ ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಅದು ನೋವನ್ನು ಹೇಗೆ ತಗ್ಗಿಸುತ್ತದೆ ಎಂಬುದು ಮಾತ್ರ 1971ರವರೆಗೆ ಗೂಢವಾಗಿಯೇ ಇತ್ತು. ಆ ವರ್ಷ ಜಾನ್ ವೇನ್ ಎಂಬ ವಿಜ್ಞಾನಿ ಅದನ್ನು ಬಿಡಿಸಿದರು. 1982ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು.

ಅವರು ಕಂಡದ್ದು ಇಷ್ಟು. ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುತ್ತವೆ. ಗಾಯವಾದ ಕೀಲಿನಲ್ಲಿ ಅವು ಉರಿ, ಊತ, ನೋವುಗಳನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಅವುಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ. 1969ರಲ್ಲಿ ಬ್ರಿಟನ್ನಿನಲ್ಲಿ ಬಂದ ಐಬುಪ್ರೊಫೆನ್, ಅದರ ನಂತರ ಬಂದ ನ್ಯಾಪ್ರೊಕ್ಸೆನ್, ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್ ಇವೆಲ್ಲವೂ ಇದೇ ಕುಟುಂಬದವು. ಆದರೆ ಅದೇ ಪ್ರೊಸ್ಟಗ್ಲಾಂಡಿನ್‌ಗಳು ಬೇರೆ ಕಡೆ ನಮ್ಮನ್ನು ಕಾಯುತ್ತಿರುತ್ತವೆ. ಜಠರದ ಒಳಗೋಡೆಯನ್ನು ಅಲ್ಲಿಯ ಆಮ್ಲದಿಂದ ರಕ್ಷಿಸುವುದೂ, ಮೂತ್ರಪಿಂಡಗಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅವುಗಳ ಕೆಲಸ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಎಂಬ ಭೇದ ತಿಳಿಯದು. ಮಂಡಿಯ ಉರಿಯನ್ನು ಆರಿಸುವಾಗಲೇ ಜಠರದ ಕಾವಲನ್ನೂ ತೆಗೆದುಬಿಡುತ್ತದೆ.

ಆದುದರಿಂದಲೇ ಈ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗುವುದು, ರಕ್ತ ಒಸರುವುದು. "ಊಟದ ಮೇಲೆ ತೆಗೆದುಕೊಂಡರೆ ಏನೂ ಆಗದು" ಎಂದು ಹಲವರು ನಂಬಿದ್ದಾರೆ. ಊಟದ ಮೇಲೆ ತೆಗೆದುಕೊಳ್ಳುವುದರಿಂದ ಹೊಟ್ಟೆಯುರಿ ಕಡಿಮೆಯಾಗಬಹುದು, ಹುಣ್ಣಿನ ಭಯ ಪೂರ್ತಿ ಹೋಗುವುದಿಲ್ಲ. "ಚುಚ್ಚುಮದ್ದು ಹಾಕಿಸಿಕೊಂಡರೆ ಹೊಟ್ಟೆಗೆ ತೊಂದರೆಯಿಲ್ಲ" ಎಂಬುದೂ ತಪ್ಪು. ಔಷಧಿಯು ರಕ್ತದ ಮೂಲಕವೇ ಜಠರವನ್ನು ತಲುಪುತ್ತದೆ. ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ ಅದು ಒಳಗೆ ರಕ್ತ ಸೋರುತ್ತಿರುವ ಲಕ್ಷಣ. ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ವಯಸ್ಸು 65 ದಾಟಿದವರು, ಹಿಂದೆ ಹೊಟ್ಟೆಯ ಹುಣ್ಣು ಆಗಿದ್ದವರು, ಹೃದಯಕ್ಕೆಂದು ದಿನವೂ ಸಣ್ಣ ಆಸ್ಪಿರಿನ್ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಆದರೆ ಹೃದಯದ ಆಸ್ಪಿರಿನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂ ಬಾರದು.

ಹೊಟ್ಟೆಗೆ ಹಾನಿಯಿಲ್ಲದ ನೋವಿನ ಮಾತ್ರೆಯನ್ನು ಕಂಡುಹಿಡಿದೆವೆಂದು ವಿಜ್ಞಾನಿಗಳು ಸಂತೋಷಪಟ್ಟದ್ದೂ ಉಂಟು. 1999ರಲ್ಲಿ ಬಂದ ರೋಫೆಕಾಕ್ಸಿಬ್ ಅಂತಹುದು. ಐದು ವರ್ಷ ಕಳೆಯುವಷ್ಟರಲ್ಲಿ ಅದರಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತವೆಂಬುದು ಖಚಿತವಾಗಿ, 2004ರ ಸೆಪ್ಟೆಂಬರಿನಲ್ಲಿ ತಯಾರಕರೇ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಹೊಸದು ಎಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು.

ಮೂತ್ರಪಿಂಡಗಳ ವಿಷಯ ಇನ್ನೂ ಮೌನವಾದುದು. ಹೊಟ್ಟೆ ಉರಿದು ಎಚ್ಚರಿಸುತ್ತದೆ, ಮೂತ್ರಪಿಂಡ ಎಚ್ಚರಿಸುವುದಿಲ್ಲ. ನಮ್ಮ ಊರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ಸೊಂಟದ ನೋವಿನಿಂದ ಕೆಲಸಕ್ಕೆ ಹೋಗಲಾಗುತ್ತಿರಲಿಲ್ಲ, ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಅಂಗಡಿಯಿಂದ ತಂದ ಒಂದು ನೋವಿನ ಮಾತ್ರೆಯನ್ನು ಪ್ರತಿದಿನ ಬೆಳಿಗ್ಗೆ ಕಾಫಿಯೊಡನೆ ನುಂಗಿ ಕೆಲಸಕ್ಕೆ ಹೊರಡುತ್ತಿದ್ದರು. ಹೀಗೆ ಆರು ವರ್ಷ. ಅವರಿಗೆ ರಕ್ತದೊತ್ತಡವೂ ಇತ್ತು. ಅದರ ಮಾತ್ರೆಯೂ, ಮೂತ್ರ ಹೆಚ್ಚು ಹೋಗುವ ಮಾತ್ರೆಯೂ ಜೊತೆಗೆ ನಡೆದಿದ್ದವು. ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಬಹು ಕಷ್ಟ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದ ದೇಹಕ್ಕಂತೂ ಇನ್ನೂ ಕಷ್ಟ. ಕಾಲು ಊದಿಕೊಂಡು ನಮ್ಮ ಬಳಿಗೆ ಬರುವಷ್ಟರಲ್ಲಿ ಎರಡೂ ಮೂತ್ರಪಿಂಡಗಳು ಕೈಬಿಟ್ಟಿದ್ದವು. ಡಯಾಲಿಸಿಸ್ ಮೇಲೆ ಒಂದೂವರೆ ವರ್ಷ ಬದುಕಿದರು. ಆ ಮನುಷ್ಯನನ್ನು ನಾವು ದೂರುವುದಿಲ್ಲ. ಆ ಮಾತ್ರೆ ಅವರಿಗೆ ಸುಖವಾಗಿರಲಿಲ್ಲ, ದಿನಗೂಲಿಯಾಗಿತ್ತು. ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ ಎಂಬುದೇ ನಮ್ಮ ಸಂಕಟ.

ಇದೇ ಡೈಕ್ಲೊಫೆನಾಕ್ ಆಕಾಶದ ಪಕ್ಷಿಗಳಿಗೆ ಏನು ಮಾಡಿತೆಂಬುದನ್ನು ಕೇಳಿದರೆ ಆಶ್ಚರ್ಯವಾದೀತು. ದನಗಳ ಊತ, ನೋವಿಗೆ ಈ ಔಷಧಿಯನ್ನು ಕೊಡುತ್ತಿದ್ದ ಕಾಲದಲ್ಲಿ, ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಕಾರಣವು 2004ರಲ್ಲಿ ಬಯಲಾಗುವ ವೇಳೆಗೆ ಭಾರತದಲ್ಲಿ ಕೋಟಿಗಟ್ಟಲೆ ಇದ್ದ ರಣಹದ್ದುಗಳು ಬಹುಪಾಲು ಅಳಿದುಹೋಗಿದ್ದವು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ರಣಹದ್ದು ಧಾಮವನ್ನೇ ಘೋಷಿಸಬೇಕಾಯಿತು. ಮನುಷ್ಯನ ದೇಹ ಹದ್ದಿನ ದೇಹದಂತಲ್ಲ. ಒಂದು ಮಾತ್ರೆಯಿಂದ ನಮಗೆ ಹಾಗಾಗದು. ಆದರೂ ಒಂದು ಜೀವಿ ಸಹಿಸಿದ್ದನ್ನು ಇನ್ನೊಂದು ಜೀವಿ ಸಹಿಸದು ಎಂಬ ಪಾಠ ಮನುಷ್ಯರೊಳಗೂ ಅನ್ವಯಿಸುತ್ತದೆ. ನೆರೆಮನೆಯವರಿಗೆ ಗುಣ ಕೊಟ್ಟ ಮಾತ್ರೆ ನಿಮ್ಮ ಮೂತ್ರಪಿಂಡಕ್ಕೆ ಒಗ್ಗದೇ ಇರಬಹುದು.

ಹಾಗಾದರೆ ನೋವಿಗೆ ಏನು ಮಾಡಬೇಕು? ಸವೆತದ ಮಂಡಿನೋವಿಗೆ ಮೊದಲು ಹಚ್ಚುವ ಮುಲಾಮನ್ನೇ ಬಳಸಿ ನೋಡಬೇಕು. ಡೈಕ್ಲೊಫೆನಾಕ್ ಮುಲಾಮಿನಿಂದ ರಕ್ತಕ್ಕೆ ಸೇರುವ ಅಂಶ ಬಹಳ ಕಡಿಮೆ. ಪ್ಯಾರಸಿಟಮಾಲ್ ಹೊಟ್ಟೆಗೆ ಮೃದುವಾದುದು, ಆದರೆ ಊತವನ್ನು ಇಳಿಸುವುದಿಲ್ಲ; ಮಿತಿ ಮೀರಿದರೆ ಯಕೃತ್ತನ್ನು ಕೆಡಿಸುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನವೊಂದಕ್ಕೆ 4 ಗ್ರಾಮ್ ಮೀರಕೂಡದು, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ. ಕೃಶರಾದ ವೃದ್ಧರಿಗೂ ಮದ್ಯಪಾನ ಮಾಡುವವರಿಗೂ ಅದಕ್ಕಿಂತ ಬಹಳ ಕಡಿಮೆ. ನೆಗಡಿಯ ಮಾತ್ರೆಗಳಲ್ಲಿಯೂ ಅದೇ ಅಡಗಿರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಊತ ಇಳಿಸುವ ಮಾತ್ರೆ ಬೇಕೇ ಆದರೆ ಕಡಿಮೆ ಪ್ರಮಾಣ, ಕಡಿಮೆ ದಿನ, ಒಂದು ಸಲಕ್ಕೆ ಒಂದೇ ಬಗೆ. ಗರ್ಭಿಣಿಯರು ವೈದ್ಯರ ಅಪ್ಪಣೆಯಿಲ್ಲದೆ ಇವನ್ನು ಮುಟ್ಟಬಾರದು. ಮೈಕೈನೋವಿನೊಡನೆ ಜ್ವರವಿದ್ದು ಡೆಂಗಿಯ ಸಂಶಯವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಕೂಡವೇ ಕೂಡದು. ರಕ್ತಸ್ರಾವದ ಭಯವಿರುವುದರಿಂದ ಪ್ಯಾರಸಿಟಮಾಲ್ ಮಾತ್ರ.

ಹೆಸರಿಲ್ಲದ ಪುಡಿ

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಸಂಧಿವಾತದಿಂದ ನಡೆಯಲಾರದೆ ಇದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಹೊಸ ಔಷಧಿಯನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ನೋಡಿದವರಿಗೆ ಪವಾಡವೆನಿಸಿತು. 1950ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಆದರೆ ಔಷಧಿಯನ್ನು ಮುಂದುವರಿಸಿದಂತೆ ಅದರ ಕೇಡುಗಳೂ ಒಂದೊಂದಾಗಿ ಬೆಳಕಿಗೆ ಬಂದವು. ಇಂದು ನಾವು ಬಳಸುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದ ಸ್ಟಿರಾಯ್ಡ್‌ಗಳು ಅದೇ ವಂಶದವು.

ಸರಿಯಾದ ಕಾರಣಕ್ಕೆ, ಸರಿಯಾದ ಕಾಲಾವಧಿಗೆ ಕೊಟ್ಟ ಸ್ಟಿರಾಯ್ಡ್ ಪ್ರಾಣ ಉಳಿಸುತ್ತದೆ. ಅದರ ಹೆಸರು ಕೇಳಿ ಓಡಬೇಕಾಗಿಲ್ಲ. ಭಯವಿರುವುದು ಹೆಸರು ಹೇಳದೆ ಕೊಡುವ ಸ್ಟಿರಾಯ್ಡಿನಲ್ಲಿ. ಕೆಲವು ವರ್ಷಗಳ ಕೆಳಗೆ ಒಬ್ಬ ಅಜ್ಜಿಯನ್ನು ಅವರ ಮಗ ನಮ್ಮ ಬಳಿಗೆ ಹೊತ್ತು ತಂದರು. ಎರಡು ವರ್ಷಗಳಿಂದ "ವಾತದ ಪುಡಿ" ಎಂದು ಕಾಗದದ ಪೊಟ್ಟಣವೊಂದನ್ನು ಆಕೆ ದಿನಾಲೂ ಜೇನಿನಲ್ಲಿ ಕಲಸಿ ತಿನ್ನುತ್ತಿದ್ದರಂತೆ. ನೋವು ಮೊದಲ ವಾರದಲ್ಲೇ ಮಾಯವಾಗಿತ್ತು. ಮುಖ ದುಂಡಗಾಯಿತು, ಮನೆಯವರು "ಅಜ್ಜಿಗೆ ಮೈ ಹತ್ತಿತು" ಎಂದು ಸಂತೋಷಪಟ್ಟರು. ತೋಳಿನ ಚರ್ಮ ಕಾಗದದಷ್ಟು ತೆಳುವಾಗಿ, ಮುಟ್ಟಿದಲ್ಲೆಲ್ಲ ನೀಲಿಗಟ್ಟತೊಡಗಿತು. ಸಕ್ಕರೆ ಕಾಯಿಲೆ ಹೊಸದಾಗಿ ಕಾಣಿಸಿತು. ಮೊಮ್ಮಗಳ ಮದುವೆಗೆಂದು ಪರಊರಿಗೆ ಹೋದಾಗ ಪೊಟ್ಟಣಗಳನ್ನು ಮರೆತು ಬಂದಿದ್ದರು. ನಾಲ್ಕನೆಯ ದಿನ ವಾಂತಿ, ನಿಶ್ಶಕ್ತಿ, ರಕ್ತದೊತ್ತಡ ಕುಸಿತ, ಪ್ರಜ್ಞೆ ತಪ್ಪುವ ಸ್ಥಿತಿ.

ಆದದ್ದೇನೆಂದರೆ, ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ನಮಗೆ ಬೇಕಾದ ಸ್ಟಿರಾಯ್ಡನ್ನು ದಿನವೂ ತಾವೇ ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಬಂದರೆ ಅವು ಕೆಲಸ ನಿಲ್ಲಿಸಿ ನಿದ್ದೆ ಹೋಗುತ್ತವೆ. ಹೊರಗಿನದು ತಟ್ಟನೆ ನಿಂತರೆ ದೇಹದ ಪಾಲಿಗೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಆದುದರಿಂದ ಹಲವು ವಾರ ತೆಗೆದುಕೊಂಡ ಸ್ಟಿರಾಯ್ಡನ್ನು ಎಂದಿಗೂ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಅಜ್ಜಿ ಬದುಕಿಕೊಂಡರು. ಮುಂದಿನ ವರ್ಷ ಸ್ನಾನದ ಮನೆಯಲ್ಲಿ ಸಣ್ಣಗೆ ಜಾರಿದ್ದಕ್ಕೇ ತೊಡೆಯ ಮೂಳೆ ಮುರಿಯಿತು, ಏಕೆಂದರೆ ಸ್ಟಿರಾಯ್ಡ್ ಮೂಳೆಯನ್ನೂ ಟೊಳ್ಳು ಮಾಡುತ್ತದೆ. ಕ್ಷಯದಂತಹ ಸೋಂಕು ಒಳಗಿದ್ದರೆ ಅದು ತಲೆಯೆತ್ತುವುದೂ ಉಂಟು. ಯಾವುದೇ ಪದ್ಧತಿಯ ವೈದ್ಯರಿರಲಿ, ಔಷಧಿಯ ಹೆಸರನ್ನು ಬರೆದು ಕೊಡಲು ಒಪ್ಪದಿದ್ದರೆ, ಅದನ್ನು ನುಂಗಲು ನೀವೂ ಒಪ್ಪಬೇಡಿರಿ. ಎರಡೇ ದಿನದಲ್ಲಿ ಹಳೆಯ ನೋವನ್ನೆಲ್ಲ ಮಾಯ ಮಾಡುವ ಹೆಸರಿಲ್ಲದ ಪುಡಿಯನ್ನು ಕಂಡರೆ ಸಂಶಯಪಡಿರಿ. ಈಗಾಗಲೇ ತಿನ್ನುತ್ತಿದ್ದರೆ ಭಯದಿಂದ ಒಮ್ಮೆಲೇ ಬಿಡದೆ, ಪೊಟ್ಟಣವನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಿರಿ.

ವಾರಕ್ಕೊಮ್ಮೆಯ ಮಾತ್ರೆ

ರುಮಟಾಯ್ಡ್ ಸಂಧಿವಾತದಲ್ಲಿ ನೋವಿನ ಮಾತ್ರೆಗಳಷ್ಟೇ ಸಾಲವು. ರೋಗವನ್ನು ತಡೆಯದಿದ್ದರೆ ಬೆರಳುಗಳು ಸೊಟ್ಟಗಾಗಿ, ಗುಂಡಿ ಹಾಕಿಕೊಳ್ಳಲಾಗದ, ಜಪಸರದ ಮಣಿ ಎಣಿಸಲಾಗದ ಸ್ಥಿತಿ ಬರುತ್ತದೆ. ಇದನ್ನು ತಡೆಯುವ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗೆಂದು ಹುಟ್ಟಿದ ಇದನ್ನು ಬಹು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಕೀಲುಗಳ ಮೇಲೆ ಎರಗುವ ರಕ್ಷಣಾಶಕ್ತಿ ಶಾಂತವಾಗುತ್ತದೆ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. "ಒಂದು ತಿಂಗಳಾದರೂ ಏನೂ ಆಗಲಿಲ್ಲ" ಎಂದು ಬಿಟ್ಟುಬಿಡಬಾರದು. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನವೂ ಅಲ್ಲ.

ಈಗ ನಮ್ಮ ತಪ್ಪನ್ನು ಹೇಳುತ್ತೇವೆ. ಹೊರರೋಗಿಗಳು ತುಂಬಿದ್ದ ಒಂದು ಸಂಜೆ ಒಬ್ಬ ತಾಯಿಗೆ ಈ ಮಾತ್ರೆಯನ್ನು ಬರೆದು ಕೊಟ್ಟೆವು. ವಾರಕ್ಕೊಮ್ಮೆ ಎಂಬುದನ್ನು ಇಂಗ್ಲಿಷಿನ ಎರಡಕ್ಷರದಲ್ಲಿ ಗೀಚಿದೆವು. ಬಾಯಲ್ಲಿ ಹೇಳಿದೆವೆಂದು ನಮ್ಮ ನೆನಪು. ಆದರೆ ಆಕೆ ಕೇಳಿಸಿಕೊಂಡರೇ ಎಂದು ಮರಳಿ ಕೇಳಲಿಲ್ಲ. ಜೊತೆಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯೂ ಸಣ್ಣದು, ಹಳದಿ. ಇದೂ ಸಣ್ಣದು, ಹಳದಿ. ಆಕೆ ಎರಡನ್ನೂ ದಿನವೂ ಬೆಳಿಗ್ಗೆ ತೆಗೆದುಕೊಂಡರು. ಹನ್ನೊಂದನೆಯ ದಿನ ಬಾಯಿ ತುಂಬ ಹುಣ್ಣು, ನೀರು ಸಹ ನುಂಗಲಾಗದು, ಮೈ ಸುಡುವ ಜ್ವರ. ರಕ್ತದ ಬಿಳಿಯ ಕಣಗಳು ಬಹುತೇಕ ಇಲ್ಲವಾಗಿದ್ದವು. ದೊಡ್ಡ ಆಸ್ಪತ್ರೆಯಲ್ಲಿ ಮೂರು ವಾರ ಹೋರಾಡಿ ಆಕೆಯನ್ನು ಉಳಿಸಿಕೊಂಡರು. ಆ ಮೂರು ವಾರ ನಮಗೆ ನಿದ್ದೆ ಹತ್ತಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದಾಗ ಆಕೆ, "ಡಾಕ್ಟ್ರೇ, ನಾನೂ ಒಂದು ಮಾತು ಕೇಳಬೇಕಿತ್ತು, ನಿಮ್ಮ ಆತುರ ನೋಡಿ ಸುಮ್ಮನಾದೆ" ಎಂದರು. ಆ ಮಾತು ಕ್ಷಮೆಯೂ ಆಗಿತ್ತು, ನಮಗೆ ಪಾಠವೂ ಆಗಿತ್ತು.

ಅಂದಿನಿಂದ ನಾವು ಚೀಟಿಯಲ್ಲಿ ವಾರದ ಹೆಸರನ್ನೇ ಕನ್ನಡದಲ್ಲಿ ಬರೆಯುತ್ತೇವೆ: "ಭಾನುವಾರ ಮಾತ್ರ." ನಮ್ಮ ಧರ್ಮಕೇಂದ್ರದವರಲ್ಲಿ ಬಹುಮಂದಿ ಭಾನುವಾರವನ್ನೇ ಆರಿಸಿಕೊಂಡಿದ್ದಾರೆ, ಪೂಜೆಯಿಂದ ಮನೆಗೆ ಬಂದು ಊಟವಾದ ಮೇಲೆ ನುಂಗಿದರೆ ಮರೆಯುವುದಿಲ್ಲ ಎನ್ನುತ್ತಾರೆ. ಫೋಲಿಕ್ ಆಮ್ಲವನ್ನು ಬೇರೆ ದಿನ, ಬೇರೆ ಡಬ್ಬಿಯಿಂದ. ಒಂದು ವಾರ ಮರೆತು ಹೋದರೆ ಮುಂದಿನ ವಾರ ಎರಡರಷ್ಟು ತೆಗೆದುಕೊಳ್ಳಬಾರದು. ಬಾಯಲ್ಲಿ ಹುಣ್ಣು, ಜ್ವರ, ಒಣಕೆಮ್ಮು, ಉಬ್ಬಸ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು, ಮದ್ಯಪಾನ ಬಿಡಬೇಕು, ಮಗುವನ್ನು ಬಯಸುವ ದಂಪತಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಇದು ಗರ್ಭದ ಶಿಶುವಿಗೆ ಹಾನಿಕರ. ಇಷ್ಟು ಎಚ್ಚರದಿಂದ ಬಳಸಿದರೆ ಇದಕ್ಕಿಂತ ಒಳ್ಳೆಯ ಗೆಳೆಯ ಈ ರೋಗದಲ್ಲಿ ಬೇರೆ ಇಲ್ಲ. ಆ ತಾಯಿಯೇ ಇಂದು ಬೇರೆ ಔಷಧಿಗಳ ಮೇಲೆ ಚೆನ್ನಾಗಿದ್ದಾರೆ.

ಆ ಬೇರೆ ಔಷಧಿಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಒಂದು. ಮಲೇರಿಯದ ಔಷಧಿಯ ಕುಲದ ಇದು ಸೌಮ್ಯವಾದುದು. ವರ್ಷಾನುಗಟ್ಟಲೆ ತೆಗೆದುಕೊಳ್ಳುವವರು ಕಣ್ಣಿನ ಪರೀಕ್ಷೆ ಮಾಡಿಸುತ್ತಿರಬೇಕು. ಸಲ್ಫಾಸಲಜೀನ್ ಇನ್ನೊಂದು, ಅದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಕಾಗಿಲ್ಲ. ಈಚೆಗೆ ಬಂದಿರುವ, ಬೆಲೆ ಹೆಚ್ಚಾದ ಜೈವಿಕ ಚುಚ್ಚುಮದ್ದುಗಳನ್ನು ಆರಂಭಿಸುವ ಮುನ್ನ ಒಳಗೆ ಕ್ಷಯ ಅಡಗಿದೆಯೇ ಎಂದು ಪರೀಕ್ಷಿಸುವುದು ನಮ್ಮ ದೇಶದಲ್ಲಿ ಅತ್ಯವಶ್ಯ.

ಹಬ್ಬದ ಮರುದಿನದ ಹೆಬ್ಬೆರಳು

ಗೌಟ್ ಕುರಿತು ಸಂಕ್ಷೇಪವಾಗಿ ಹೇಳುತ್ತೇವೆ. ಹಬ್ಬದ ಊಟದಲ್ಲಿ ಮಾಂಸವೂ ಮದ್ಯವೂ ಧಾರಾಳವಾಗಿ, ಆ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋದಂತಾಗುವುದು ಇದರ ಲಕ್ಷಣ. ಆ ಹೊತ್ತಿನ ನೋವಿಗೆ ಕೊಲ್ಚಿಸಿನ್ ಎಂಬ ಹಳೆಯ ಔಷಧಿಯುಂಟು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಅರಳುವ ಗೌರಿಹೂವಿನ ಗಡ್ಡೆಯಲ್ಲಿಯೂ ಇದೇ ವಸ್ತುವಿದೆ. ಹಾಗೆಂದು ಆ ಗಡ್ಡೆಯನ್ನು ಮನೆಮದ್ದಾಗಿ ಬಳಸಬಾರದು. ಅದು ಕೊಲ್ಲುವ ವಿಷ. ಕೊಲ್ಚಿಸಿನ್ ಮಾತ್ರೆಯೂ ಪ್ರಮಾಣ ಮೀರಿದರೆ ಭೇದಿಯಿಂದ ಆರಂಭವಾಗಿ ಪ್ರಾಣಾಪಾಯಕ್ಕೆ ಒಯ್ಯುತ್ತದೆ.

ಅಲೋಪ್ಯೂರಿನಾಲ್ ನೋವಿನ ಮಾತ್ರೆಯಲ್ಲ, ಯೂರಿಕ್ ಆಮ್ಲವನ್ನು ಇಳಿಸುವ ಮಾತ್ರೆ. ನೋವಿಲ್ಲದ ದಿನಗಳಲ್ಲಿಯೂ ತೆಗೆದುಕೊಳ್ಳಬೇಕು. ಅದನ್ನು ತೆಗೆದುಕೊಳ್ಳಲಾರಂಭಿಸಿದ ದಿನಗಳಲ್ಲಿ ಮೈಮೇಲೆ ಕೆಂಪು ಗಂಧೆ ಎದ್ದರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು. ಇನ್ನು, ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸ್ವಲ್ಪ ಹೆಚ್ಚೆಂದು ಕಂಡ ಮಾತ್ರಕ್ಕೆ, ಎಂದೂ ಕೀಲು ಊದದವರು ಈ ಮಾತ್ರೆ ತಿನ್ನಬೇಕಾಗಿಲ್ಲ.

ಮಾಂಸಖಂಡಗಳ ನೋವು

ಬೆನ್ನು, ಕುತ್ತಿಗೆಗಳು ಹಿಡಿದುಕೊಂಡಾಗ ಕೊಡುವ ಮಾಂಸಖಂಡ ಸಡಿಲಿಸುವ ಮಾತ್ರೆಗಳು ಕೆಲವು ದಿನಗಳಿಗೆ ಮಾತ್ರ. ಟೈಜಾನಿಡಿನ್‌ನಂತಹವುಗಳಿಂದ ತೂಕಡಿಕೆ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ನುಂಗಿ ವಾಹನ ನಡೆಸಬಾರದು, ವೃದ್ಧರು ರಾತ್ರಿ ತಟ್ಟನೆ ಎದ್ದು ಬೀಳದಂತೆ ನೋಡಿಕೊಳ್ಳಬೇಕು. ಕೆಲವೊಮ್ಮೆ ಮಾಂಸಖಂಡದ ನೋವಿಗೆ ಬೇರೊಂದು ಔಷಧಿಯೇ ಕಾರಣ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದ ಮೇಲೆ ತೊಡೆ, ತೋಳುಗಳಲ್ಲಿ ನೋವು ಬಂದರೆ ವೈದ್ಯರಿಗೆ ತಿಳಿಸಿರಿ. ಮೂತ್ರ ಕಂದುಬಣ್ಣವಾದರೆ ಆ ದಿನವೇ ಹೋಗಿರಿ. ವಿಟಮಿನ್ ಡಿ ಕೊರತೆಯೂ ಮೈಕೈನೋವಿಗೆ ಕಾರಣವಾಗುತ್ತದೆ. ಅದರ 60,000 ಯೂನಿಟ್ಟಿನ ಪೊಟ್ಟಣವೂ ವಾರಕ್ಕೊಮ್ಮೆ, ಕೆಲವು ವಾರ ಮಾತ್ರ. ದಿನವೂ ತಿಂದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡ ಕೆಡುತ್ತದೆ.

ಮನೆಯಲ್ಲಿ ಪಾಲಿಸಬೇಕಾದವು

ಇಷ್ಟು ಹೇಳಿದ ಮೇಲೆ, ನೆನಪಿನಲ್ಲಿಡಲು ಸುಲಭವಾಗುವಂತೆ ಕೆಲವು ಮಾತುಗಳು:

1. ಪ್ರತಿ ಮಾತ್ರೆಯ ಪಟ್ಟಿಯ ಮೇಲೆ ಎರಡು ಹೆಸರಿರುತ್ತವೆ: ಕಂಪೆನಿಯ ಹೆಸರು, ಔಷಧಿಯ ಹೆಸರು. ಎರಡನೆಯದನ್ನು ತಿಳಿಯಿರಿ. ಎರಡು ಬೇರೆ ಕಂಪೆನಿಗಳ ಹೆಸರಿನಲ್ಲಿ ಒಂದೇ ಔಷಧಿಯನ್ನು ಇಮ್ಮಡಿ ನುಂಗುವವರು ಬಹಳ.

2. ಯಾವ ವೈದ್ಯರ ಬಳಿಗೆ ಹೋದರೂ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ಮನೆಮದ್ದುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ.

3. "ಇದು ನೋವಿಗೋ, ರೋಗಕ್ಕೋ? ದಿನವೂ ಎಷ್ಟು, ಎಷ್ಟು ದಿನ?" ಎಂದು ಕೇಳಿರಿ. ವೈದ್ಯರು ಎಷ್ಟೇ ಆತುರದಲ್ಲಿರಲಿ, ಕೇಳಿರಿ.

4. ನೋವಿನ ಮಾತ್ರೆ ಪದೇ ಪದೇ ಬೇಕಾಗುವವರು ರಕ್ತದೊತ್ತಡ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ.

5. ಮಾತ್ರೆಯಷ್ಟೇ ಮುಖ್ಯವಾದುದು ದೇಹದ ತೂಕ ಮತ್ತು ತೊಡೆಯ ಬಲ. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುವ ವ್ಯಾಯಾಮವನ್ನು ದಿನಕ್ಕೆರಡು ಸಲ ಮಾಡಿರಿ. ಇದಕ್ಕೆ ಅಡ್ಡ ಪರಿಣಾಮವಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮೊಣಕಾಲೂರಲಾಗದ ಹಿರಿಯರು ನಾಚಿಕೆಯಿಂದ ಒಂದು ಹೆಚ್ಚು ಮಾತ್ರೆ ನುಂಗಿ ಪೂಜೆಗೆ ಬರುವುದನ್ನು ನಾವು ಬಲ್ಲೆವು. ಹಾಗೆ ಮಾಡಬೇಡಿರಿ. ಕುಳಿತು ಪ್ರಾರ್ಥಿಸುವುದರಲ್ಲಿ ಕೊರತೆಯೇನೂ ಇಲ್ಲವೆಂದು ಗುರುಗಳೇ ಹಲವು ಬಾರಿ ಹೇಳಿದ್ದಾರೆ. ಮುಂದಿನ ಭಾನುವಾರ ಎರಡನೆಯ ಪೂಜೆಯ ನಂತರ ನಾವು ಇದೇ ಸಭಾಭವನದಲ್ಲಿ ಕುಳಿತಿರುತ್ತೇವೆ. ನಿಮ್ಮ ಮನೆಯ ಆ ಬಿಸ್ಕತ್ತಿನ ಡಬ್ಬಿಯನ್ನು ಹಾಗೆಯೇ ತನ್ನಿರಿ. ಯಾವುದು ಇರಬೇಕು, ಯಾವುದು ಹೋಗಬೇಕು, ಯಾವುದನ್ನು ಯಾವ ವಾರ ನುಂಗಬೇಕು ಎಂಬುದನ್ನು ಒಟ್ಟಿಗೆ ಕುಳಿತು ನೋಡೋಣ. ಹೆಸರುಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತೇವೆ.